ಗೆರೆ ನನ್ನದು, ಭಂಗಿ ಯಾರದು?

ನವೆಂಬರ್ 11ರ ಬೆಳಿಗ್ಗೆ ಚಹಾ ಕುಡೀತಾ ವಾಟ್ಸಾಪ್ ಸ್ಟೇಟಸ್ ಒಂದೊಂದೇ ಸರಿಸ್ತಾ ಕೂತಿದ್ದೆ. ಒನಕೆ ಓಬವ್ವ ಜಯಂತಿ. 2021ರಿಂದ ಸರ್ಕಾರವೇ ಆಚರಿಸೋಕೆ ಶುರು ಮಾಡಿದ ಮೇಲೆ ನಮ್ಮ ಕಡೆ ಆ ದಿನ ಯಾರ ಫೋನ್ ನೋಡಿದರೂ ಓಬವ್ವನೇ. ಮೂರನೇ ಸ್ಟೇಟಸ್‌ನಲ್ಲಿ ಕಂಡವಳು ನಾನು ಬರೆದ ಓಬವ್ವ. ಖುಷಿಯಾಯ್ತು. ಐದನೆಯದರಲ್ಲೂ ಅವಳೇ. ಆಗ ಗಮನಿಸಿದೆ: ಬಲಗಡೆ ಕೆಳಮೂಲೆಯಲ್ಲಿದ್ದ ನನ್ನ ಸಹಿ ಮಾಯ. ಅಷ್ಟು ಭಾಗ ಕತ್ತರಿಸಿ, ಅಲ್ಲೊಬ್ಬ ಪುಢಾರಿಯ ಕೈಮುಗಿದ ಫೋಟೋ ಕೂರಿಸಿ, 'ಶುಭ ಕೋರುವವರು' ಅಂತ ಹಾಕಿದ್ದರು.

ನಾನು ದಾವಣಗೆರೆಯವನು. ಹಗಲೆಲ್ಲ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಕೆಲಸ. ಗೃಹಪ್ರವೇಶ, ನಾಮಕರಣ, ಭಾವಪೂರ್ಣ ಶ್ರದ್ಧಾಂಜಲಿ, ಹೀರೋಗಳ ಹುಟ್ಟುಹಬ್ಬ. ರಾತ್ರಿ ಊಟ ಆದ ಮೇಲೆ ಟ್ಯಾಬ್ಲೆಟ್ ಹಿಡಿದು ಕೂತರೆ ಅದು ನನ್ನ ಸ್ವಂತ ಲೋಕ: ಇಷ್ಟದ ನಟರು, ಸಿನಿಮಾ ಪಾತ್ರಗಳು, ದುರ್ಗದ ಕೋಟೆ. ಬರೆದದ್ದನ್ನ ಇನ್‌ಸ್ಟಾಗ್ರಾಮ್‌ಗೆ ಹಾಕ್ತೀನಿ. ಫ್ಯಾನ್ ಆರ್ಟ್ ಅಂತಾರಲ್ಲ, ಅದೇ.

ಆ ದಿನ ಅಂಗಡಿಗೆ ಹೋದವನೇ ಸಾಹುಕಾರ್ರ ಮುಂದೆ ಫೋನ್ ಹಿಡಿದೆ. "ನೋಡ್ರಿ, ನನ್ನ ಚಿತ್ರ ಕದ್ದಾರೆ. ಕೇಸ್ ಹಾಕೋದೇ." ಅವರು ಕನ್ನಡಕ ಒರೆಸಿಕೊಂಡು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರು. "ಅಲ್ಲಪಾ, ಓಬವ್ವನ ಜಯಂತಿ ಅಂತೀಯ. ನಂಗೆ ಇದ್ರಾಗೆ ಬರೇ ಜಯಂತಿನೇ ಕಾಣ್ತಾರಲ್ಲ?"

ಕೆಲಸದ ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಮಾತು ಸರಿಯಾಗಿ ತಾಗಿತ್ತು. 1972ರ 'ನಾಗರಹಾವು' ಸಿನಿಮಾದಲ್ಲಿ ಓಬವ್ವ ಆದವರು ನಟಿ ಜಯಂತಿ. ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರಿಗೇ ಆಗಲಿ, ಕಣ್ಣು ಮುಚ್ಚಿ ಓಬವ್ವನ್ನ ನೆನೆಸಿಕೊಂಡರೆ ಬರೋದು ಅವರ ಮುಖ. ನಾನು ಮಾಡಿದ್ದೂ ಅಷ್ಟೇ: ಆ ದೃಶ್ಯವನ್ನ ಫೋನಲ್ಲಿ ನಿಲ್ಲಿಸಿ, ನಿಂತ ಭಂಗಿ, ಬೆಳಕು, ಕತ್ತಿನ ಓರೆ, ಎಲ್ಲ ಹಾಗೇ ಇಳಿಸಿಕೊಂಡಿದ್ದೆ. ಬಣ್ಣ ಮಾತ್ರ ನನ್ನದು.

ನಿಜವಾದ ಓಬವ್ವನ ಮುಖ ನೋಡಿದವರು ಯಾರೂ ಇಲ್ಲ. ಹೈದರಾಲಿ ಮುತ್ತಿಗೆ ಹಾಕಿದ ಕಾಲದ, ಮದಕರಿ ನಾಯಕನ ಕಾಲದ ಕಥೆ. ಕಾವಲುಗಾರ ಮುದ್ದ ಹನುಮನ ಹೆಂಡತಿಯ ಚಿತ್ರ ಯಾರು ಬರೆಸಿಟ್ಟಾರು? ಅಂದರೆ ಓಬವ್ವ, ಒನಕೆ, ಕಿಂಡಿ ಎಲ್ಲರ ಸ್ವತ್ತು. ಕಥೆಗೆ, ವಿಷಯಕ್ಕೆ ಹಕ್ಕುಸ್ವಾಮ್ಯ ಇಲ್ಲ, ಅದನ್ನ ಹೇಳಿದ ರೀತಿಗೆ ಮಾತ್ರ ಇರೋದು ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಆರ್. ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ನಾನು ತೆಗೆದುಕೊಂಡದ್ದು ಓಬವ್ವನ್ನಲ್ಲ, ಒಂದು ಸಿನಿಮಾ ಅವಳನ್ನ ತೋರಿಸಿದ ರೀತಿಯನ್ನ.

ಕೋರ್ಟಲ್ಲಿ ಪ್ರಾಕ್ಟೀಸ್ ಮಾಡೋ ಗೆಳೆಯನೊಬ್ಬ ಇದನ್ನ ಬಿಡಿಸಿ ಹೇಳಿದ. ಫೀಸು ಎರಡು ಖಾಲಿ ದೋಸೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಅಂದರೆ ಅದರ ಯಾವುದೇ ಫ್ರೇಮಿನ ಫೋಟೋ ತೆಗೆಯೋ ಹಕ್ಕೂ ಸೇರುತ್ತೆ. ನಾವು ದಿನಾ ಹಂಚೋ ಸ್ಕ್ರೀನ್‌ಶಾಟ್ ಅದೇ ತಾನೇ. ಸಿನಿಮಾ ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಲೆಕ್ಕ. 1972ರ ಸಿನಿಮಾ ಅಂದರೆ 2032ರ ಡಿಸೆಂಬರ್ ಮುಗಿಯೋವರೆಗೂ ಯಾರದೋ ಸ್ವತ್ತು. "ಹಳೇ ಪಿಚ್ಚರ್ ಅಲ್ವಾ, ಏನಾಗಲ್ಲ ಬಿಡು" ಅಂತ ನಾವು ಅಂಗಡಿಯಲ್ಲಿ ಹೇಳ್ತಿದ್ದ ಮಾತಿಗೆ ಯಾವ ಆಧಾರವೂ ಇರಲಿಲ್ಲ. ಚಿತ್ರ, ಫೋಟೋ, ಬರಹಕ್ಕಾದರೆ ಮಾಡಿದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅವರ ಲಕ್ಷ್ಮಿ, ಸರಸ್ವತಿ ಯಾರು ಬೇಕಾದರೂ ಬಳಸಬಹುದು. ತ.ರಾ.ಸು. ಹೋದದ್ದು 1984ರಲ್ಲಿ, ಅವರ ಕಾದಂಬರಿಯ ಸಾಲುಗಳನ್ನ ಪೋಸ್ಟರ್ ತುಂಬ ಹಾಕೋಕೆ ಇನ್ನೂ ಬಹಳ ವರ್ಷ ಕಾಯಬೇಕು.

"ಸ್ವಂತಕ್ಕೆ ಅಂತ ಬರೆದುಕೊಂಡ್ರೆ?" ಅಂದೆ. ಬರೆದು ಗೋಡೆಗೆ ಹಾಕಿಕೋ, ತೊಂದರೆ ಇಲ್ಲ. ಖಾಸಗಿ ಬಳಕೆಗೆ, ವಿಮರ್ಶೆಗೆ, ಸುದ್ದಿಗೆ ಕಾಯ್ದೆಯ 52ನೇ ಕಲಂನಲ್ಲಿ ರಿಯಾಯಿತಿ ಇದೆ. ಆದರೆ ಸಾವಿರಾರು ಜನ ನೋಡೋ ಅಕೌಂಟಿಗೆ ಹಾಕಿದ ಮೇಲೆ ಅದು ಹೇಗೆ ಖಾಸಗಿ ಆಗುತ್ತೆ ಅಂತ ಅವನೇ ತಿರುಗಿ ಕೇಳಿದ.

ನಾನು ಮೊದಲು ನೆನಪು ಮಾಡಿಕೊಳ್ಳಬೇಕಾಗಿದ್ದು ಅದಕ್ಕೂ ಒಂದು ವರ್ಷ ಹಿಂದಿನ ಕಥೆ. ಹೇಳೋಕೆ ಈಗಲೂ ನಾಚಿಕೆ.

ನಮ್ಮ ಹೈಸ್ಕೂಲ್ ಮೈದಾನದಲ್ಲಿ ಒಂದು ಸಿನಿಮಾ ಕಾರ್ಯಕ್ರಮ ಆಗಿತ್ತು. ಹೀರೋ ಹೆಸರು ಬೇಡ, ಹೇಳಿದರೆ ಓದೋರಲ್ಲಿ ಅರ್ಧ ಜನ ಇಲ್ಲೇ ಎದ್ದು ಹೋಗ್ತಾರೆ. ಅವತ್ತು ಯಾರೋ ತೆಗೆದ ಫೋಟೋ ಒಂದು ಎಲ್ಲ ಕಡೆ ಹರಿದಾಡ್ತಿತ್ತು: ಹಿಂದಿನಿಂದ ಬೆಳಕು, ಕೊರಳಲ್ಲಿ ಟವೆಲ್, ಮುಖದ ಒಂದು ಅಂಚು ಮಾತ್ರ ಹೊಳೀತಾ ಇದೆ. ಆ ಫೋಟೋ ಕೆಳಗಿನ ಲೇಯರ್‌ನಲ್ಲಿಟ್ಟು, ಮಸುಕು ಮಾಡಿ, ಮೇಲೆ ಗೆರೆ ಎಳೆದೆ. ಮೂರು ರಾತ್ರಿ ಹಿಡೀತು. ಕೆಳಗೆ 'ಕ್ರೆಡಿಟ್ ಮೂಲ ಮಾಲೀಕರಿಗೆ' ಅಂತ ಹಾಕಿ ಹಂಚಿಕೊಂಡೆ. ಅಭಿಮಾನಿ ಸಂಘದವರು ಪ್ರಿಂಟ್ ಕೇಳಿದರು. ಎ3 ಅಳತೆಯಲ್ಲಿ 40 ಪೋಸ್ಟರ್, ಒಂದಕ್ಕೆ 150 ರೂಪಾಯಿ, 6,000 ರೂಪಾಯಿ ಬಂತು.

ಮರುವಾರ ಒಬ್ಬ ಹುಡುಗನಿಂದ ಮೆಸೇಜ್. "ಅಣ್ಣಾ, ಚಿತ್ರ ಚೆನ್ನಾಗಿದೆ. ಆ ಬೆಳಕಿಗೆ ನಾನು ಒಂದೂವರೆ ತಾಸು ಸ್ಪೀಕರ್ ಬಾಕ್ಸ್ ಹಿಂದೆ ಕೂತಿದ್ದೆ." ಅಷ್ಟೇ. ಬೈಗುಳ ಇಲ್ಲ, ಬೆದರಿಕೆ ಇಲ್ಲ.

ಶುರುವಲ್ಲಿ ನಾನೂ ವಾದ ಮಾಡಿದೆ. ಕ್ರೆಡಿಟ್ ಕೊಟ್ಟಿದೀನಲ್ಲ ಅಂದೆ. "ಯಾರಿಗೆ ಕೊಟ್ರಿ ಅಣ್ಣಾ, ನನ್ನ ಹೆಸರು ಎಲ್ಲಿದೆ?" ಅಂದ. ನಾನು ಕೈಯಲ್ಲಿ ಬರೆದದ್ದು, ಫೋಟೋ ಅಲ್ಲ ಅಂದೆ. ಅದಕ್ಕವನು ಉತ್ತರವನ್ನೇ ಕೊಡಲಿಲ್ಲ. ಫೋಟೋವನ್ನ ಬೇರೆ ಯಾವುದೇ ರೂಪದಲ್ಲಿ ಮತ್ತೆ ಮಾಡಿದರೂ ಅದು ಮೂಲದ ನಕಲೇ ಅಂತ ಆಮೇಲೆ ಗೊತ್ತಾಯ್ತು. ಯಾರಾದರೂ ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಹಕ್ಕು ತೆಗೆಸಿದವರದು. ಇವನು ತನ್ನ ಪಾಡಿಗೆ ಬಂದು ತೆಗೆದವನು, ಹಕ್ಕು ಪೂರ್ತಿ ಅವನದೇ. ಪ್ರಿಂಟಿನ ಖರ್ಚು ಕಳೆದು ಉಳಿದದ್ದರಲ್ಲಿ 2,000 ಕಳಿಸಿದೆ. ಅವನು ಕೇಳಿರಲಿಲ್ಲ. ಪೋಸ್ಟಿನ ಕೆಳಗೆ ತನ್ನ ಹೆಸರು ಹಾಕು ಅಂದ, ಹಾಕಿದೆ.

ಈಗ ಯೋಚಿಸಿದರೆ ನಗು ಬರುತ್ತೆ. ನಾನು ಹೆದರ್ತಿದ್ದದ್ದು ಬೆಂಗಳೂರಿನ ಗಾಂಧಿನಗರದಿಂದ ನೋಟಿಸ್ ಬಂದರೆ ಏನು ಅಂತ. ದೊಡ್ಡ ಬ್ಯಾನರಿನವರಿಗೆ ನಮ್ಮಂಥವರ ಚಿತ್ರ ಬಿಟ್ಟಿ ಪ್ರಚಾರ, ಸುಮ್ಮನಿರ್ತಾರೆ. ಸುಮ್ಮನಿರೋದು ಅನುಮತಿಯಲ್ಲ, ನಾಳೆ ಬೇಡ ಅಂದರೆ ತೆಗೀಬೇಕು, ಅದು ಬೇರೆ ಮಾತು. ಆದರೆ ನಮ್ಮಿಂದ ನಿಜವಾಗಿ ಕಳಕೊಳ್ಳೋನು ನಮ್ಮಷ್ಟೇ ಸಂಬಳದ, ಇಎಂಐ ಮೇಲೆ ಲೆನ್ಸ್ ತಗೊಂಡ ಹುಡುಗ. ಕಾಸರಗೋಡಿನ ಕಡೆಯ ಕರಣ್ ಆಚಾರ್ಯ 2015ರಲ್ಲಿ ಬರೆದ ಆ ಸಿಟ್ಟಿನ ಹನುಮಂತ ನಮ್ಮೂರಿನ ಎಷ್ಟು ಆಟೋ, ಕಾರುಗಳ ಹಿಂದೆ ಇದಾನೆ! ಬರೆದವರ ಹೆಸರು ಎಷ್ಟು ಡ್ರೈವರ್‌ಗಳಿಗೆ ಗೊತ್ತು? ಆ ಸ್ಟಿಕರ್ ನಾನೇ ಎಷ್ಟು ಕತ್ತರಿಸಿಕೊಟ್ಟಿದ್ದೀನೋ ಲೆಕ್ಕ ಇಟ್ಟಿಲ್ಲ. ಗಿರಾಕಿ ಕೇಳ್ತಾರೆ, "ಗೂಗಲ್‌ನಾಗೆ ಐತಣ್ಣ" ಅಂತಾರೆ, ನಾವು ಸ್ಟಿಕರ್ ಕತ್ತರಿಸೋ ಪ್ಲಾಟರ್ ಮಷೀನ್ ಓಡಿಸ್ತೀವಿ.

ಜಯಂತಿ ಗಲಾಟೆ ಆದ ಮೇಲೆ ಹಳೆಯ ಓಬವ್ವನ್ನ ಅಕೌಂಟಿಂದ ತೆಗೆದೆ. ಹೊಸದಾಗಿ ಬರೀಬೇಕು, ಯಾರ ಫ್ರೇಮಿಗೂ ಕೈ ಹಾಕದೆ. ಭಾನುವಾರ ಬೈಕ್ ತಗೊಂಡು ದುರ್ಗಕ್ಕೆ ಹೋದೆ. ಜಿಲ್ಲಾಧಿಕಾರಿ ಕಚೇರಿ ಮುಂದೆ ಓಬವ್ವನ ಪ್ರತಿಮೆ ಇದೆ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪದ ಫೋಟೋ ತೆಗೆಯೋಕೆ, ಚಿತ್ರ ಬರೆಯೋಕೆ, ಪ್ರಕಟಿಸೋಕೆ ಅದೇ 52ನೇ ಕಲಂ ಬಿಟ್ಟುಕೊಡುತ್ತೆ. ಸ್ಕೆಚ್ ಮಾಡಿಕೊಂಡೆ. ಆಮೇಲೆ ಕೋಟೆ ಹತ್ತಿ ಓಬವ್ವನ ಕಿಂಡಿ ಹತ್ತಿರ ಕೂತು ಬಂಡೆಗಳ ಸಂದು, ಬೆಳಕು ಬೀಳೋ ರೀತಿ ಫೋನಲ್ಲಿ ಹಿಡಿದುಕೊಂಡೆ. ಅಲ್ಲಿ ಕೂತಾಗ ಗೊತ್ತಾದದ್ದು: ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಕೈ ಪೂರಾ ಚಾಚಿ ವೀರಾವೇಶದಿಂದ ನಿಲ್ಲೋದು ಪೋಸ್ಟರಿಗೆ ಚಂದ, ಅಷ್ಟೇ.

ವಾಪಸ್ ಬರ್ತಾ ಭರಮಸಾಗರದಲ್ಲಿ ದೊಡ್ಡಮ್ಮನ ಮನೆಗೆ ಹೋದೆ. ಅವರ ಅಟ್ಟದ ಮೇಲೆ ಹಳೇ ಒನಕೆ ಇನ್ನೂ ಇದೆ. "ದೊಡ್ಡಮ್ಮ, ಸ್ವಲ್ಪ ಹಿಡ್ಕೊಂಡು ನಿಂತ್ಕೋ" ಅಂದೆ. ಎರಡೂ ಕೈ ಮೇಲೆತ್ತಿ ನಿಲ್ಲಿಸೋಕೆ ಹೋದರೆ ಬೈದರು. "ಹಂಗೆ ಯಾರು ಹಿಡೀತಾರೋ? ತೂಕ ತಡಿಬೇಕಲ್ಲ." ನಡುವೆ ಸವೆದು ಸಣ್ಣಗಾದ ಜಾಗದಲ್ಲಿ ಹಿಡಿದು, ಮೊಣಕಾಲು ಚೂರು ಬಗ್ಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು. ನೆಲ್ಲು ಕುಟ್ಟಿ ಅಭ್ಯಾಸ ಇರೋ ಕೈ. ಮೂವತ್ತು ಫೋಟೋ ತೆಗೆದೆ. ಆ ಭಂಗಿ ನಾನು ಯಾವ ಪೋಸ್ಟರಿನಲ್ಲೂ ನೋಡಿರಲಿಲ್ಲ. ಬರೆದು ಮುಗಿಸಿದಾಗ ನನ್ನ ಹಳೇ ಓಬವ್ವ ಅದರ ಮುಂದೆ ನಾಟಕದ ವೇಷದ ಹಾಗೆ ಕಂಡಳು. ಕಾನೂನಿಗೆ ಹೆದರಿ ಮಾಡಿದ್ದು ಅಂತ ಈಗ ಅನ್ನಿಸೋದಿಲ್ಲ.

ಈಗ ಏನಾದರೂ ಹಾಕೋ ಮುಂಚೆ ಒಂದಿಷ್ಟು ರೂಢಿ ಮಾಡಿಕೊಂಡಿದ್ದೀನಿ. ಬೇರೆಯವರ ಫೋಟೋ ನೋಡಿ ಬರೆಯೋದಾದರೆ ಮೊದಲೇ ಕೇಳ್ತೀನಿ: ಯಾವ ಫೋಟೋ, ಎಲ್ಲಿ ಹಾಕ್ತೀನಿ, ಮಾರ್ತೀನಾ ಇಲ್ವಾ, ನಿಮ್ಮ ಹೆಸರು ಹೇಗೆ ಹಾಕಲಿ. ನಾಲ್ಕೇ ಸಾಲು. ಕೇಳಿದವರಲ್ಲಿ ಬಹಳ ಜನ ಖುಷಿಯಿಂದ ಹೂಂ ಅಂದಿದ್ದಾರೆ, ಇಬ್ಬರು ಉತ್ತರ ಕೊಟ್ಟಿಲ್ಲ. ಉತ್ತರ ಬರದಿದ್ದರೆ ಬರೆಯೋದಿಲ್ಲ. ಒಪ್ಪಿದ ಮೆಸೇಜಿನ ಸ್ಕ್ರೀನ್‌ಶಾಟ್ ಆ ಚಿತ್ರದ ಫೋಲ್ಡರಿಗೇ ಹಾಕಿಡ್ತೀನಿ. ನಟರ ಚಿತ್ರ ಮಾರೋದನ್ನ ಬಿಟ್ಟಿದ್ದೀನಿ. ಕಾಪಿರೈಟ್ ಬೇರೆ, ಮುಖದ ಹಕ್ಕು ಬೇರೆ. 2015ರಲ್ಲಿ ಮದ್ರಾಸ್ ಹೈಕೋರ್ಟ್ ರಜನಿಕಾಂತ್ ಪರವಾಗಿ, 2023ರಲ್ಲಿ ದೆಹಲಿ ಹೈಕೋರ್ಟ್ ಅನಿಲ್ ಕಪೂರ್ ಪರವಾಗಿ ಅವರ ಹೆಸರು, ರೂಪಗಳನ್ನ ಕೇಳದೆ ಬಳಸೋದನ್ನ ತಡೆದಿವೆ. 150 ರೂಪಾಯಿ ಪೋಸ್ಟರಿಗೆ ಇಷ್ಟೆಲ್ಲ ಯಾಕೆ?

ನನ್ನ ಚಿತ್ರ ಕಾಪಾಡಿಕೊಳ್ಳೋದು ಇನ್ನೊಂದು ಕಡೆ. ದೊಡ್ಡ ಫೈಲ್ ಹಾಕೋದಿಲ್ಲ. ಅಗಲ 1080 ಪಿಕ್ಸೆಲ್ ಸಾಕು, ಫೋನಲ್ಲಿ ಚಂದ ಕಾಣುತ್ತೆ, ಹತ್ತಡಿ ಫ್ಲೆಕ್ಸಿಗೆ ಎಳೆದರೆ ಒಡೆದು ಹೋಗುತ್ತೆ. ಇದು ನಮ್ಮ ಅಂಗಡಿಯ ಅನುಭವದಿಂದಲೇ ಬಂದ ಬುದ್ಧಿ. ಸಹಿಯನ್ನ ಮೂಲೆಯಲ್ಲಿ ಹಾಕೋದು ಬಿಟ್ಟು ಸೀರೆಯ ಅಂಚಿನ ಒಳಗೆ, ಬಂಡೆಯ ಗೆರೆಯ ಒಳಗೆ ಸೇರಿಸ್ತೀನಿ. ಕತ್ತರಿಸೋಕೆ ಹೋದರೆ ಓಬವ್ವನ ಮೊಣಕಾಲೂ ಹೋಗಬೇಕು. ಲೇಯರ್ ಇರೋ ಮೂಲ ಫೈಲ್, ಕಚ್ಚಾ ಸ್ಕೆಚ್ ತಾರೀಕು ಸಮೇತ ಇಟ್ಟಿರ್ತೀನಿ. ಬರೆದ ಕ್ಷಣದಿಂದಲೇ ಹಕ್ಕು ನಮ್ಮದು, ನೋಂದಣಿ ಕಡ್ಡಾಯ ಅಲ್ಲ. ನಾನು ಇನ್ನೂ ಮಾಡಿಸಿಲ್ಲ.

ಹೊಸ ಓಬವ್ವನ್ನೂ ಒಂದು ಪೇಜಿನವರು ಎತ್ತಿದರು. ಈ ಸಲ ದೂರು ಕೊಡೋಕೆ ಕೈ ನಡುಗಲಿಲ್ಲ. ಇನ್‌ಸ್ಟಾಗ್ರಾಮ್‌ನ ಕಾಪಿರೈಟ್ ಫಾರಂನಲ್ಲಿ ನನ್ನ ಪೋಸ್ಟಿನ ಲಿಂಕ್, ಅವರ ಪೋಸ್ಟಿನ ಲಿಂಕ್, ಇದು ನನ್ನದೇ ಅನ್ನೋ ಘೋಷಣೆ ಕೇಳ್ತಾರೆ. ಆ ಘೋಷಣೆಗೆ ಟಿಕ್ ಹಾಕೋವಾಗ ಹಳೇ ಚಿತ್ರ ನೆನಪಾಯ್ತು. ಅದಕ್ಕಾಗಿದ್ದರೆ ಸುಳ್ಳು ಹೇಳಬೇಕಾಗ್ತಿತ್ತು. ಎರಡು ದಿನಕ್ಕೆ ತೆಗೆದರು. ವಾಟ್ಸಾಪ್ ಸ್ಟೇಟಸ್‌ನವರ ಜೊತೆ ಮಾತ್ರ ಗುದ್ದಾಡೋಕೆ ಹೋಗೋದಿಲ್ಲ. ದೂರು ಬರೆದು ಮುಗಿಸೋದರೊಳಗೆ 24 ತಾಸು ಆಗಿರುತ್ತೆ. ಪರಿಚಯದವರಾದರೆ ಫೋನ್ ಮಾಡಿ, "ಚಿತ್ರ ನಂದು ಕಣಪ್ಪ, ಹೆಸರು ಹಾಕು" ಅಂತೀನಿ. ಹಕ್ಕನ್ನ ಮಾರಿದ ಮೇಲೂ ಬರೆದವನ ಹೆಸರು ಹೇಳಿಸಿಕೊಳ್ಳೋ ಹಕ್ಕು ಉಳಿಯುತ್ತೆ, 57ನೇ ಕಲಂ. ಇದನ್ನ ಹೇಳಿದರೆ ಯಾರೂ ಕೇಳೋಲ್ಲ, "ಬೇಜಾರಾಯ್ತು" ಅಂದರೆ ಕೇಳ್ತಾರೆ.

ಕಳೆದ ಜಯಂತಿಗೆ ಹಿರಿಯೂರು ಕಡೆಯ ಒಬ್ಬ ಟೀಚರ್ ಮುಂಚಿತವಾಗಿ ಫೋನ್ ಮಾಡಿ, "ಶಾಲೆ ವೇದಿಕೆಗೆ ನಿಮ್ಮ ಓಬವ್ವ ಹಾಕಬಹುದಾ ಸರ್?" ಅಂತ ಕೇಳಿದರು. ಇಷ್ಟು ವರ್ಷದಲ್ಲಿ ಕೇಳಿ ತಗೊಂಡವರು ಅವರೊಬ್ಬರೇ. ದೊಡ್ಡ ಫೈಲೇ ಕಳಿಸಿದೆ, ದುಡ್ಡು ಬೇಡ ಅಂದೆ. ಅವರು ಕಳಿಸಿದ ವೇದಿಕೆಯ ಫೋಟೋವನ್ನ ದೊಡ್ಡಮ್ಮನಿಗೆ ತೋರಿಸಿದೆ. ಮಕ್ಕಳ ಹಿಂದೆ ಎಂಟಡಿ ಎತ್ತರಕ್ಕೆ ಅವರೇ.

ತುಂಬ ಹೊತ್ತು ನೋಡಿದರು. "ಊರೋರ್ನೆಲ್ಲ ಕೇಳ್ತೀನಿ ಅಂತೀಯಲ್ಲೋ, ನನ್ನ ಕೇಳಿದ್ಯೇನೋ?"

ಕೇಳಿರಲಿಲ್ಲ. ಒನಕೆ ಹಿಡ್ಕೋ ಅಂದಿದ್ದೆ, ಇಷ್ಟು ಜನರ ಮುಂದೆ ನಿಲ್ಲಿಸ್ತೀನಿ ಅಂತ ಹೇಳಿರಲಿಲ್ಲ. ತಪ್ಪಾಯ್ತು, ಈಗ ಹೇಳು, ತೆಗೆಸಲಾ ಅಂದೆ.

"ತೆಗೀಬ್ಯಾಡ. ಕೊರಳು ಬೋಳು ಬಿಟ್ಟೀಯಲ್ಲ, ಬೋರಮಾಳ ಹಾಕು."

ಅವತ್ತು ರಾತ್ರಿ ಹೊಸ ಲೇಯರ್ ತೆರೆದೆ.