ಏರ್‌ಫ್ರೈಯರ್‌ನಲ್ಲಿ ಮೀಟ್‌ಬಾಲ್, ಬನ್‌ನಲ್ಲಿ ಮಧ್ಯಾಹ್ನದ ಊಟ

ಮೀಟ್‌ಬಾಲ್ ಅಂದರೆ ನಮ್ಮ ಕೈಮ ಉಂಡೆಯೇ ತಾನೇ ಎಂದುಕೊಂಡು, ಸಾರಿಗೆ ಹಾಕುವ ಉಂಡೆಯನ್ನೇ ಏರ್‌ಫ್ರೈಯರ್‌ಗೆ ಹಾಕಿದರೆ ಹೊರಬರುವುದು ಗೋಲಿಯಂಥ ಉಂಡೆ. ತಪ್ಪು ಉಂಡೆಯದ್ದಲ್ಲ. ಕೈಮ ಉಂಡೆಗೆ ನಾವು ಹುರಿಗಡಲೆ ಪುಡಿ ಹಾಕುತ್ತೇವೆ. ಅದು ನೀರು ಹೀರುತ್ತದೆ. ಸಾರಿನಲ್ಲಿ ಕುದಿಯುವಾಗ ಹೀರಲು ಬೇಕಾದಷ್ಟು ನೀರು ಸುತ್ತಲೂ ಇರುತ್ತದೆ. ಏರ್‌ಫ್ರೈಯರ್ ಒಳಗೆ ಇರುವುದು ಮೇಲೆ ಒಂದು ಕಾಯಿಲ್, ಒಂದು ಫ್ಯಾನ್, ಅಷ್ಟೇ. ಬಿಸಿಗಾಳಿ ಹತ್ತು ನಿಮಿಷ ಸುತ್ತಿ ಸುತ್ತಿ ಬೀಸಿದಾಗ ಮೇಲಿನ ತೇವ ಗಾಳಿಗೆ ಹೋಗುತ್ತದೆ, ಒಳಗಿನ ರಸವನ್ನು ಹುರಿಗಡಲೆ ಕುಡಿಯುತ್ತದೆ.

ಅದಕ್ಕೇ ಇದಕ್ಕೆ ಬೇರೆಯದೇ ಕಲಸು ಬೇಕು. ಅಮೆರಿಕಕ್ಕೆ ಹೋಗಿ ನೆಲೆಸಿದ ಇಟಲಿಯವರು ಉದ್ದನೆಯ ಬ್ರೆಡ್ಡಿನಲ್ಲಿ ಉಂಡೆ, ಟೊಮೆಟೊ ಸಾಸ್, ಚೀಸ್ ಇಟ್ಟು ಮಾಡುವ ಸ್ಯಾಂಡ್‌ವಿಚ್ಚಿನ ಗುಟ್ಟು ಹಾಲಿನಲ್ಲಿ ನೆನೆಸಿದ ಬ್ರೆಡ್. ನೆನೆದ ಬ್ರೆಡ್ ಆಗಲೇ ತೇವ ಹಿಡಿದುಕೊಂಡಿರುತ್ತದೆ, ಮಾಂಸದಿಂದ ಕಿತ್ತುಕೊಳ್ಳುವುದಿಲ್ಲ. ಮಾಂಸದ ಎಳೆಗಳ ನಡುವೆ ಸೇರಿಕೊಂಡು ಅವು ಬಿಗಿಯಾಗಿ ಒಂದಕ್ಕೊಂದು ಅಂಟದಂತೆಯೂ ನೋಡಿಕೊಳ್ಳುತ್ತದೆ.

ನಾನು ಹಾಕುವ ಅಳತೆ: ಮಟನ್ ಕೈಮ 500 ಗ್ರಾಂ, ಬ್ರೆಡ್ 50 ಗ್ರಾಂ ಅಂದರೆ ಸುಮಾರು ಎರಡು ಹೋಳು, ಹಾಲು 60 ಎಂ.ಎಲ್., ಒಂದು ಮೊಟ್ಟೆ, ಒಂದು ಮಧ್ಯಮ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಉಪ್ಪು 7 ಗ್ರಾಂ ಅಂದರೆ ಒಂದು ಟೀ ಚಮಚಕ್ಕಿಂತ ಚೂರು ಹೆಚ್ಚು, ಕುಟ್ಟಿದ ಕಾಳುಮೆಣಸು ಒಂದು ಟೀ ಚಮಚ, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು ಒಂದು ಹಿಡಿ. ಇಷ್ಟಕ್ಕೆ 30 ಗ್ರಾಂನ 24 ಉಂಡೆ ಆಗುತ್ತವೆ. ಒಂದು ಬನ್ನಿಗೆ ನಾಲ್ಕರಂತೆ ಆರು ಸ್ಯಾಂಡ್‌ವಿಚ್. ಚಕ್ಕೆ, ಲವಂಗ ಹಾಕಬೇಕೆನಿಸಿದರೆ ಹಾಕಬಹುದು, ಆದರೆ ಟೊಮೆಟೊ ಸಾಸ್ ಮತ್ತು ಚೀಸ್ ಜೊತೆ ಅದು ಹೊಂದುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಕೈಮ ತೀರಾ ಕೊಬ್ಬಿಲ್ಲದ್ದು ಬೇಡ. ನೂರಕ್ಕೆ 15ರಿಂದ 20 ಭಾಗ ಕೊಬ್ಬು ಇರಲಿ, ಮೆಷಿನ್ನಿನಲ್ಲಿ ಎರಡು ಸಲ ಹಾಕಿಸಿ. ಕೈಮವನ್ನು ಮನೆಗೆ ತಂದು ತೊಳೆಯುವ ಅಭ್ಯಾಸ ಇರುವವರು ತುಂಡು ಮಾಂಸವನ್ನೇ ತೊಳೆದು, ನೀರು ಬಸಿದು, ಆಮೇಲೆ ಕೈಮ ಮಾಡಿಸುವುದು ಒಳ್ಳೆಯದು. ಕೈಮ ತೊಳೆದರೆ ಅದು ಹಿಡಿದುಕೊಳ್ಳುವ ನೀರು ಎಷ್ಟು ಹಿಂಡಿದರೂ ಪೂರ್ತಿ ಹೋಗುವುದಿಲ್ಲ. ಉಂಡೆ ಬುಟ್ಟಿಯಲ್ಲಿ ಚಪ್ಪಟೆಯಾಗಿ ಕೂತುಬಿಡುತ್ತದೆ. ಚಿಕನ್ನಾದರೆ ಎದೆ ಭಾಗ ಬಿಟ್ಟು ಲೆಗ್ ಬೋನ್‌ಲೆಸ್ ತೆಗೆದುಕೊಳ್ಳಿ. ಚಿಕನ್ ಕೈಮ ಮೊದಲೇ ಅಂಟಂಟಾಗಿರುವುದರಿಂದ ಮೊಟ್ಟೆ ಬೇಡ, ಹಾಲು 45 ಎಂ.ಎಲ್. ಸಾಕು.

ಈರುಳ್ಳಿಯನ್ನು ಹೆಚ್ಚುವುದಲ್ಲ, ತುರಿಯುವುದು. ತುರಿದು ಹಿಡಿಯಲ್ಲಿಟ್ಟು ಹಿಂಡಿ. ಒಂದು ಈರುಳ್ಳಿಯಲ್ಲಿ ಎರಡು ಮೂರು ಚಮಚ ರಸ ಬರುತ್ತದೆ. ಇದನ್ನು ಬಿಸಾಡಬೇಡಿ, ಸಾಸಿಗೆ ಹಾಕಿ. ಈ ರಸ ಉಂಡೆಯೊಳಗೆ ಉಳಿದರೆ ಬಿಸಿಯಾದಾಗ ಆವಿಯಾಗಿ ಉಂಡೆಯನ್ನು ಸೀಳುತ್ತದೆ. ಹಾಲು ಹಾಕಿ ಈರುಳ್ಳಿ ರಸ ತೆಗೆಯುವುದು ವಿಚಿತ್ರ ಅನ್ನಿಸಬಹುದು. ಹಾಲನ್ನು ಬ್ರೆಡ್ ಹಿಡಿದಿಟ್ಟುಕೊಂಡಿರುತ್ತದೆ, ಈರುಳ್ಳಿ ರಸವನ್ನು ಹಿಡಿಯಲು ಯಾರೂ ಇಲ್ಲ. ಹೆಚ್ಚಿದ ಈರುಳ್ಳಿಯ ತೊಂದರೆ ಬೇರೆ: ಉಂಡೆಯ ಮೈಮೇಲೆ ಎದ್ದು ನಿಂತ ಚೂರುಗಳು ಕಾಯಿಲ್ ಕೆಳಗೆ ಕರ್ರಗೆ ಸೀದು ಕಹಿಯಾಗುತ್ತವೆ. ಬೆಳ್ಳುಳ್ಳಿಯನ್ನೂ ಅದಕ್ಕೇ ಜಜ್ಜಿ ಹಾಕಬೇಕು.

ಬ್ರೆಡ್ ಮುರಿದು ಹಾಲಿನಲ್ಲಿ ಐದು ನಿಮಿಷ ನೆನೆಸಿ, ಫೋರ್ಕಿನಿಂದ ಗಂಜಿಯಂತೆ ಕಿವುಚಿ. ಅದಕ್ಕೇ ಉಪ್ಪು, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಸೊಪ್ಪು ಎಲ್ಲ ಸೇರಿಸಿ ಬೆರೆಸಿದ ಮೇಲೆ ಕೊನೆಗೆ ಕೈಮ. ಈ ಕ್ರಮದಲ್ಲಿ ಮಾಡಿದರೆ ಕೈಮವನ್ನು ಹೆಚ್ಚು ಹೊತ್ತು ಕಲಸುವ ಪ್ರಮೇಯ ಬರುವುದಿಲ್ಲ. ಬೆರಳು ಅಗಲಿಸಿ ಎತ್ತಿ ಎತ್ತಿ ಬೆರೆಸಿ, ಒಂದು ನಿಮಿಷ ಸಾಕು. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಉಪ್ಪು ಮಾಂಸದ ಪ್ರೋಟೀನನ್ನು ಹೊರಗೆಳೆದು ಕಲಸು ಅಂಟು ಬರುತ್ತದೆ, ಬೆಂದ ಮೇಲೆ ಸಾಸೇಜಿನಂತೆ ಪುಟಿಯುತ್ತದೆ. ಹಸಿ ಕಲಸಿನ ರುಚಿ ನೋಡಲಾಗದು, ಹಾಗಾಗಿ ಒಂದು ರೂಪಾಯಿ ನಾಣ್ಯದಷ್ಟನ್ನು ತವೆಯ ಮೇಲೆ ತಟ್ಟಿ ಬೇಯಿಸಿ ಉಪ್ಪು ನೋಡಿಕೊಳ್ಳಿ.

ಉಂಡೆ ಕಟ್ಟುವಾಗ ಮೊದಲನೆಯದನ್ನಾದರೂ ತಕ್ಕಡಿಯ ಮೇಲಿಟ್ಟು ತೂಗಿ. 30 ಗ್ರಾಂ ಅಂದರೆ ಸಣ್ಣ ನಿಂಬೆಹಣ್ಣಿನಷ್ಟು, ಸುಮಾರು ನಾಲ್ಕು ಸೆಂಟಿಮೀಟರ್ ಅಡ್ಡಳತೆ. ಒಂದು ದೊಡ್ಡದು, ಒಂದು ಚಿಕ್ಕದು ಆದರೆ ದೊಡ್ಡದು ಬೇಯುವಷ್ಟರಲ್ಲಿ ಚಿಕ್ಕದು ಒಣಗಿರುತ್ತದೆ. ಅಂಗೈಗೆ ನೀರು ಸವರಿಕೊಂಡು ಉರುಳಿಸಿ, ಬಿರುಕು ಕಂಡರೆ ಬೆರಳಿನಿಂದ ನೀವಿ ಮುಚ್ಚಿ. ಬೇಯುವಾಗ ಒಡೆಯುವುದು ಆ ಬಿರುಕಿನಲ್ಲೇ. ತಟ್ಟೆಯಲ್ಲಿ ಜೋಡಿಸಿ ಮುಚ್ಚಿ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟರೆ ಕೊಬ್ಬು ಗಟ್ಟಿಯಾಗಿ ಆಕಾರ ನಿಲ್ಲುತ್ತದೆ. ರಾತ್ರಿಯೇ ಕಟ್ಟಿಟ್ಟು ಬೆಳಗ್ಗೆ ಬೇಯಿಸುವುದು ಇನ್ನೂ ಸಲೀಸು, ಆದರೆ ಹಸಿ ಕಲಸನ್ನು ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ.

ಯಂತ್ರದ ವಿಷಯಕ್ಕೆ ಬರುವ ಮೊದಲು ಪ್ಲಗ್ ಬಗ್ಗೆ ಒಂದು ಮಾತು. 1500 ವ್ಯಾಟ್‌ನ ಏರ್‌ಫ್ರೈಯರ್ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಅಡುಗೆಮನೆಯ 6 ಆಂಪಿಯರ್ ಸಾಕೆಟ್ಟಿಗೆ, ಅದರಲ್ಲೂ ಮಿಕ್ಸಿ ಜೊತೆ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸುವುದು ಸರಿಯಲ್ಲ. 16 ಆಂಪಿಯರ್‌ನ ದೊಡ್ಡ ಸಾಕೆಟ್ಟೇ ಬೇಕು.

190 ಡಿಗ್ರಿಗೆ ಇಟ್ಟು ಮೂರು ನಿಮಿಷ ಖಾಲಿ ಬಿಸಿ ಮಾಡಿ. ಬಟರ್ ಪೇಪರ್ ಹಾಸುವವರು ಈ ಖಾಲಿ ಹೊತ್ತಿನಲ್ಲಿ ಹಾಸಲೇಬಾರದು. ಮೇಲೆ ಭಾರವಿಲ್ಲದ ಕಾಗದವನ್ನು ಗಾಳಿ ಎತ್ತಿ ಕೆಂಡದಂಥ ಕಾಯಿಲ್ಲಿಗೆ ಅಂಟಿಸುತ್ತದೆ, ಹೊತ್ತಿಕೊಳ್ಳಬಹುದು. ಈ ಉಂಡೆಗೆ ಕಾಗದವೇ ಬೇಡ. ಕೆಳಗಿನ ತೂತುಗಳಿಂದಲೂ ಗಾಳಿ ಬಂದರೆ ತಳ ಒದ್ದೆಯಾಗುವುದಿಲ್ಲ. ಉಂಡೆಗಳ ಮೈಗೆ ಬ್ರಷ್ಷಿನಿಂದ ತೆಳ್ಳಗೆ ಎಣ್ಣೆ ಸವರಿ, 12 ಉಂಡೆಗೆ ಒಂದು ಟೀ ಚಮಚ ಸಾಕು. ಡಬ್ಬಿಯಲ್ಲಿ ಬರುವ ಎಣ್ಣೆ ಸ್ಪ್ರೇಗಳಲ್ಲಿ ಕೆಲವಕ್ಕೆ ಲೆಸಿಥಿನ್ ಎಂಬ, ಅಡುಗೆ ಪಾತ್ರೆಗೆ ಅಂಟದಿರಲೆಂದು ಹಾಕುವ ಪದಾರ್ಥ ಬೆರೆತಿರುತ್ತದೆ. ಅದು ಬುಟ್ಟಿಯ ನಾನ್‌ಸ್ಟಿಕ್ ಮೇಲೆ ಜಿಗುಟಾಗಿ ಕೂತು ತೊಳೆದರೂ ಬಿಡುವುದಿಲ್ಲ. ನಾಲ್ಕು ಲೀಟರಿನ ಬುಟ್ಟಿಯಲ್ಲಿ 10ರಿಂದ 12 ಉಂಡೆ ಹಿಡಿಸುತ್ತವೆ, ನಡುವೆ ಒಂದು ಬೆರಳು ಜಾಗ ಬಿಡಬೇಕು. ಒತ್ತೊತ್ತಾಗಿ ಇಟ್ಟರೆ ತಾಗಿದ ಕಡೆ ಬಣ್ಣ ಬರದೆ ಬೆಳ್ಳಗೆ ಆವಿಯಲ್ಲಿ ಬೆಂದಂತೆ ಕಾಣುತ್ತದೆ. ಒಂದರ ಮೇಲೊಂದು ಪೇರಿಸುವ ಮಾತೇ ಇಲ್ಲ. ಎರಡು ಸಲ ಹಾಕಿ.

ಆರನೇ ನಿಮಿಷಕ್ಕೆ ತೆರೆದಾಗ ಮೇಲುಭಾಗ ಕಂದು ಬಂದಿರುತ್ತದೆ, ತಳದ ಸುತ್ತ ಬಿಳಿ ನೊರೆಯಂಥದ್ದು ಅಂಟಿರುತ್ತದೆ. ಅದು ಮಾಂಸದಿಂದ ಹೊರಬಂದು ಗಟ್ಟಿಯಾದ ಪ್ರೋಟೀನ್, ಕೆಟ್ಟದ್ದಲ್ಲ. ಬುಟ್ಟಿ ಕುಲುಕಿದರೆ ಮೆತ್ತಗಿರುವ ಉಂಡೆ ಒಡೆಯಬಹುದು, ಚಿಮಟದಿಂದ ಒಂದೊಂದನ್ನೇ ತಿರುಗಿಸಿ. ಅಂಟಿಕೊಂಡಿದ್ದರೆ ಎಳೆಯಬೇಡಿ, ಇನ್ನೊಂದು ನಿಮಿಷ ಬಿಟ್ಟರೆ ತಾನೇ ಬಿಡುತ್ತದೆ. ತಿರುಗಿಸಿದ ಮೇಲೆ ನಾಲ್ಕು ನಿಮಿಷ. ಒಟ್ಟು ಹತ್ತು. ಥರ್ಮಾಮೀಟರ್ ಇದ್ದರೆ ಎಲ್ಲಕ್ಕಿಂತ ದೊಡ್ಡ ಉಂಡೆಯ ನಟ್ಟನಡುವಿಗೆ ಚುಚ್ಚಿ ನೋಡಿ: ಮಟನ್ನಿಗೆ 71 ಡಿಗ್ರಿ, ಚಿಕನ್ನಿಗೆ 74 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಕೈಮ ಆಗುವಾಗ ಹೊರಗಿನ ಸೂಕ್ಷ್ಮಾಣು ಒಳಗೂ ಸೇರಿರುವುದರಿಂದ ಅರೆಬೆಂದರೆ ನಡೆಯುವುದಿಲ್ಲ. ಬಣ್ಣ ನೋಡಿ ಹೇಳುವುದು ನಂಬಿಕಸ್ಥ ದಾರಿಯಲ್ಲ, ಈರುಳ್ಳಿ ಸೇರಿದ ಕೈಮ ಪೂರ್ತಿ ಬೆಂದ ಮೇಲೂ ಒಮ್ಮೊಮ್ಮೆ ನಸುಗೆಂಪಾಗಿಯೇ ಕಾಣುತ್ತದೆ.

ಕೊಬ್ಬಿರುವ ಕೈಮ ಹಾಕಿದಾಗ ಹೊಗೆ ಬಂದರೆ ಯಂತ್ರ ಕೆಟ್ಟಿತೆಂದು ಗಾಬರಿ ಬೇಡ. ಕರಗಿದ ಕೊಬ್ಬು ಕೆಳಗಿನ ಬಿಸಿ ತಳಕ್ಕೆ ತೊಟ್ಟಿಕ್ಕಿ ಸುಡುತ್ತಿರುತ್ತದೆ. ಬುಟ್ಟಿಯ ಕೆಳಗಿನ ಡ್ರಾಯರಿಗೆ ಎರಡು ಮೂರು ದೊಡ್ಡ ಚಮಚ ನೀರು ಹಾಕಿದರೆ ನಿಲ್ಲುತ್ತದೆ. ಎರಡನೇ ಸಲ ಹಾಕುವ ಮೊದಲು ಆ ಜಿಡ್ಡನ್ನು ಚೆಲ್ಲಿಬಿಡಿ. ಎರಡನೇ ಸಲಕ್ಕೆ ಯಂತ್ರ ಚೆನ್ನಾಗಿ ಕಾದಿರುತ್ತದೆ, ಎಂಟನೇ ನಿಮಿಷಕ್ಕೇ ಒಮ್ಮೆ ಇಣುಕಿ ನೋಡಿ.

ಸಾಸಿಗೆ ಅರ್ಧ ಕಿಲೋ ಟೊಮೆಟೊ. ನಾಟಿ ಟೊಮೆಟೊ ಮಾತ್ರ ಹಾಕಿದರೆ ಹುಳಿ ಜಾಸ್ತಿ, ನೀರು ಜಾಸ್ತಿ, ಬತ್ತಿಸುವುದರಲ್ಲೇ ಹೊತ್ತು ಹೋಗುತ್ತದೆ. ಫಾರಂ ಟೊಮೆಟೊ ಮಾತ್ರ ಆದರೆ ಗಟ್ಟಿ ಬರುತ್ತದೆ, ರುಚಿ ಸಪ್ಪೆ. ಮೂರು ಪಾಲು ಫಾರಂ, ಒಂದು ಪಾಲು ನಾಟಿ ಹಾಕಿ ನೋಡಿ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಜಜ್ಜಿದ ಐದು ಎಸಳು ಬೆಳ್ಳುಳ್ಳಿ ಕಂಪು ಬರುವಷ್ಟು ಮಾತ್ರ ಬಾಡಿಸಿ, ತರಿತರಿಯಾಗಿ ಪುಡಿ ಮಾಡಿದ ಎರಡು ಬ್ಯಾಡಗಿ ಮೆಣಸಿನಕಾಯಿ ಹಾಕಿ, ಕೂಡಲೇ ಮಿಕ್ಸಿಯಲ್ಲಿ ತಿರುವಿದ ಟೊಮೆಟೊ ಮತ್ತು ಆ ಈರುಳ್ಳಿ ರಸ ಸುರಿಯಿರಿ. ಬ್ಯಾಡಗಿ ಬಣ್ಣಕ್ಕೆ, ಖಾರ ಹೆಚ್ಚಿರುವುದಿಲ್ಲ. ಅರ್ಧ ಟೀ ಚಮಚ ಉಪ್ಪು, ಚಿಟಿಕೆ ಸಕ್ಕರೆ, ಒಣ ಒರೆಗಾನೊ ಅರ್ಧ ಟೀ ಚಮಚ. ಇಪ್ಪತ್ತು ನಿಮಿಷ ಮಧ್ಯಮ ಉರಿ. ಬಾಣಲೆಯ ತಳದಲ್ಲಿ ಸೌಟಿನಿಂದ ಗೆರೆ ಎಳೆದರೆ ಆ ಗೆರೆ ಎರಡು ಕ್ಷಣ ಹಾಗೇ ನಿಲ್ಲಬೇಕು. ಕೂಡಲೇ ಮುಚ್ಚಿಕೊಂಡರೆ ಇನ್ನೂ ನೀರಿದೆ ಎಂದರ್ಥ, ಆ ನೀರು ಬನ್ನಿಗೇ ಹೋಗುತ್ತದೆ. ಬೆಂದ ಉಂಡೆಗಳನ್ನು ಈ ಸಾಸಿನಲ್ಲಿ ಎರಡು ನಿಮಿಷ ಹೊರಳಾಡಿಸಿ.

ಬನ್ ಆರಿಸುವುದರಲ್ಲಿ ಅವಸರ ಬೇಡ. ಬೇಕರಿಯ ಗುಂಡು ಬನ್ ಸಿಹಿ, ತೀರಾ ಮೆತ್ತಗೆ. ಖಾರಾ ಬನ್ ಅದರಷ್ಟಕ್ಕೇ ಚೆನ್ನ, ಅದರ ಹಸಿಮೆಣಸಿನಕಾಯಿ, ಈರುಳ್ಳಿಗೂ ಈ ಸಾಸಿಗೂ ಜಗಳ. ಹಾಟ್‌ಡಾಗ್ ರೋಲ್ ಎಂದು ಸಿಗುವ ಒಂದು ಗೇಣುದ್ದದ ಬನ್ ಸರಿಯಾದದ್ದು, ಸಿಗದಿದ್ದರೆ ಪಾವ್ ಆದೀತು, ಪಾವಿಗೆ ಎರಡು ಉಂಡೆ. ರೋಲನ್ನು ಪಕ್ಕದಿಂದ ಸೀಳಬೇಡಿ, ಉಂಡೆ ಉರುಳಿ ಬೀಳುತ್ತವೆ. ನೆತ್ತಿಯ ಮೇಲೆ ಉದ್ದಕ್ಕೆ ಸೀಳಿ, ಒಳಗಿನ ಮೆತ್ತನೆ ಭಾಗವನ್ನು ಒಂದಿಷ್ಟು ಕಿತ್ತು ದೋಣಿಯಂತೆ ಮಾಡಿ. ಕಿತ್ತದ್ದನ್ನು ಮುಂದಿನ ಸಲ ಹಾಲಿನಲ್ಲಿ ನೆನೆಸಲು ಎತ್ತಿಟ್ಟುಕೊಳ್ಳಿ.

ದೋಣಿಯ ಒಳಮೈಗೆ ಬೆಣ್ಣೆ ಸವರಿ 160 ಡಿಗ್ರಿಯಲ್ಲಿ ಎರಡರಿಂದ ಮೂರು ನಿಮಿಷ. ಗರಿಯಾದ ಒಳಮೈ, ಅದರ ಮೇಲಿನ ಬೆಣ್ಣೆ ಎರಡೂ ಸಾಸನ್ನು ತಡೆಯುತ್ತವೆ. ಇನ್ನು ಚೀಸ್. ತೆಳು ಸ್ಲೈಸನ್ನು ಮೇಲೆ ಹೊದಿಸಿ ಮುಚ್ಚಿದರೆ ಫ್ಯಾನ್ ಅದನ್ನು ಎತ್ತಿ ಗೋಡೆಗೋ ಕಾಯಿಲ್ಲಿಗೋ ಮೆತ್ತುತ್ತದೆ, ಆ ಸುಟ್ಟ ವಾಸನೆ ಹೋಗಲು ಎರಡು ದಿನ ಬೇಕು. ಚೀಸನ್ನು ಉಂಡೆಗಳ ಕೆಳಗೆ ಹಾಸಿ, ಮೇಲೆ ತುರಿದ ಮೊಜರೆಲ್ಲಾವನ್ನು ಸಾಸಿಗೆ ಒತ್ತಿ ಕೂರಿಸಿ. ಒಂದು ಬನ್ನಿಗೆ 30 ಗ್ರಾಂ. ಗಡ್ಡೆ ಮೊಜರೆಲ್ಲಾ ತಂದು ತುರಿಯುವುದೇ ಮೇಲು, ತುರಿದು ಪ್ಯಾಕ್ ಮಾಡಿದ್ದಕ್ಕೆ ಅಂಟದಿರಲು ಪಿಷ್ಟ ಬೆರೆಸಿರುತ್ತಾರೆ, ನುಣುಪಾಗಿ ಕರಗದು. ಪ್ರೊಸೆಸ್ಡ್ ಚೀಸ್ ಕರಗುತ್ತದೆ, ಎಳೆ ಬರುವುದಿಲ್ಲ. 180 ಡಿಗ್ರಿಯಲ್ಲಿ ಎರಡು ನಿಮಿಷ, ಅದಕ್ಕಿಂತ ಹೆಚ್ಚು ಬಿಟ್ಟರೆ ಬನ್ನಿನ ಅಂಚು ಕರಟುತ್ತದೆ.

ಮನೆಯಲ್ಲೇ ತಿನ್ನುವುದಾದರೆ ಇಷ್ಟಕ್ಕೆ ಮುಗಿಯಿತು. ಡಬ್ಬಿಗೆ ಕಟ್ಟುವುದಾದರೆ ಕೂಡಿಸಿ ಕಟ್ಟಬೇಡಿ. ಬಿಸಿ ಉಂಡೆಯ ಆವಿ ಡಬ್ಬಿಯ ಮುಚ್ಚಳಕ್ಕೆ ಬಡಿದು ನೀರಾಗಿ ಬನ್ನಿನ ಮೇಲೇ ತೊಟ್ಟಿಕ್ಕುತ್ತದೆ, ಮಧ್ಯಾಹ್ನಕ್ಕೆ ಬನ್ ಮುದ್ದೆ. ಉಂಡೆ ಮತ್ತು ಸಾಸನ್ನು ಬಾಯಗಲದ ಥರ್ಮಸ್ ಡಬ್ಬಿಗೆ ಹಾಕಿ: ಮೊದಲು ಅದಕ್ಕೆ ಕುದಿಯುವ ನೀರು ತುಂಬಿ ಹತ್ತು ನಿಮಿಷ ಬಿಟ್ಟು, ಚೆಲ್ಲಿ, ಕುದಿಯುತ್ತಿರುವ ಸಾಸ್ ಸಮೇತ ಉಂಡೆ ತುಂಬಿ ಬಿಗಿಯಾಗಿ ಮುಚ್ಚಿ. ತೆರೆಯುವ ಹೊತ್ತಿಗೂ ಅದು 60 ಡಿಗ್ರಿಗಿಂತ ಬಿಸಿಯಾಗಿರಬೇಕು. ಒಮ್ಮೆ ನಿಮ್ಮ ಡಬ್ಬಿಗೇ ಬಿಸಿನೀರು ತುಂಬಿ ನಾಲ್ಕು ಗಂಟೆಯ ಮೇಲೆ ಅಳೆದು ನೋಡಿದರೆ ಗೊತ್ತಾಗುತ್ತದೆ. ಟೋಸ್ಟ್ ಮಾಡಿದ ಬನ್ ಪೂರ್ತಿ ಆರಿದ ಮೇಲೆ ಕಾಗದದಲ್ಲಿ ಸುತ್ತಿ ಬೇರೆ ಇಡಿ. ಸಾದಾ ಸ್ಟೀಲ್ ಡಬ್ಬಿಯಲ್ಲಿ ಬೆಚ್ಚಗಿನ ಮಾಂಸ ಎರಡು ಗಂಟೆಗಿಂತ ಹೆಚ್ಚು ಇರಬಾರದು, 32 ಡಿಗ್ರಿ ದಾಟಿದ ಬೇಸಿಗೆಯಲ್ಲಿ ಒಂದೇ ಗಂಟೆ. ಆಫೀಸಿನಲ್ಲಿ ಫ್ರಿಜ್ಜೂ ಮೈಕ್ರೋವೇವೂ ಇದ್ದರೆ ತಣ್ಣಗೇ ಒಯ್ದು ಅಲ್ಲಿ ಉಂಡೆಯನ್ನು ಮಾತ್ರ ಬಿಸಿ ಮಾಡಿ. ಬನ್ನನ್ನು ಮೈಕ್ರೋವೇವಿಗೆ ಹಾಕಿದರೆ ರಬ್ಬರು.

ಬೆಂದ ಉಂಡೆ ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಫ್ರೀಜರಿಗಾದರೆ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಎರಡು ಗಂಟೆ ಗಟ್ಟಿಮಾಡಿ ಆಮೇಲೆ ಕವರಿಗೆ ತುಂಬಿ, ಎರಡು ತಿಂಗಳವರೆಗೆ ರುಚಿ ಕೆಡದು. ತೆಗೆದದ್ದನ್ನು ಕರಗಿಸುವ ಗೋಜಿಲ್ಲದೆ ಸಾಸಿಗೇ ಹಾಕಿ ಮುಚ್ಚಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಮತ್ತೆ ಏರ್‌ಫ್ರೈಯರಿಗೆ ಹಾಕಿದರೂ ಬಿಸಿಯಾಗುತ್ತದೆ, 180 ಡಿಗ್ರಿಯಲ್ಲಿ ಎಂಟು ನಿಮಿಷ, ಆದರೆ ಎರಡನೇ ಸಲದ ಗಾಳಿಗೆ ಮೇಲಿನ ಪದರ ಒಣಗಿ ಚಕ್ಕೆಯಾಗುತ್ತದೆ. ಬನ್ ಮುಗಿದು ಉಂಡೆ ಉಳಿದ ದಿನ ಅವನ್ನು ಸಾಸಿನಲ್ಲೇ ಕಿವುಚಿ ಚಪಾತಿಗೆ ಹಚ್ಚಿ ಸುತ್ತಿದರಾಯಿತು.