ಯುಗಾದಿ ಊಟ: ಅಡುಗೆ ಮಾಡಿದವರೂ ಮೊದಲ ಪಂಕ್ತಿಯಲ್ಲೇ ಕೂರುವ ಹಾಗೆ

ಯುಗಾದಿ ದಿನ ಮಧ್ಯಾಹ್ನ 2 ಗಂಟೆ. ಹಜಾರದಲ್ಲಿ ಎಲ್ಲರೂ ಉಂಡು ಎಲೆ ಮಡಿಸಿದ್ದಾರೆ. ಅಮ್ಮ ಮಾತ್ರ ಇನ್ನೂ ಹೆಂಚಿನ ಮುಂದೆ ನಿಂತು ಒಬ್ಬಟ್ಟು ಬೇಯಿಸುತ್ತಿದ್ದಾರೆ. ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಹೀಗೇ ನಡೆಯಿತು. ಅಮ್ಮ ಕೂರುವ ಹೊತ್ತಿಗೆ ಕೋಸಂಬರಿ ನೀರು ಬಿಟ್ಟಿರುತ್ತಿತ್ತು, ಪಕ್ಕದಲ್ಲಿ ಮಾತಿಗೆ ಯಾರೂ ಇರುತ್ತಿರಲಿಲ್ಲ.

ಅಡುಗೆ ನನ್ನ ಪಾಲಿಗೆ ಬಂದ ಮೇಲೆ ಒಂದು ಲೆಕ್ಕ ಹಾಕಿಕೊಂಡೆ. 1 ಗಂಟೆಗೆ ಎಲೆ ಹಾಕುವಾಗ ಒಲೆ ಆರಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಂದರೆ ಯಾವ ಕೆಲಸ ಯಾವಾಗ ಅನ್ನೋದು ತಾನಾಗಿ ಗೊತ್ತಾಗುತ್ತದೆ. ಇಲ್ಲಿರುವುದು 15 ಜನರ ಲೆಕ್ಕ, ಬೆಂಗಳೂರು-ಮೈಸೂರು ಕಡೆಯ ಅಡುಗೆ. ಉತ್ತರ ಕರ್ನಾಟಕದ ಕಡೆ ಹೋಳಿಗೆಗೆ ಕಡಲೆಬೇಳೆ ಹಾಕುತ್ತಾರೆ, ಆದರೆ ಕೆಲಸದ ಕ್ರಮ ಹೆಚ್ಚು ಕಡಿಮೆ ಇದೇ.

ಮೊದಲು ಪಟ್ಟಿ

ಬೇವು-ಬೆಲ್ಲ, ಕೋಸಂಬರಿ, ಹುರುಳಿಕಾಯಿ ಪಲ್ಯ, ಮಾವಿನಕಾಯಿ ಚಿತ್ರಾನ್ನ, ಅನ್ನ, ಒಬ್ಬಟ್ಟಿನ ಸಾರು, ಒಬ್ಬಟ್ಟು, ಹಪ್ಪಳ, ಮೊಸರು. ಇಷ್ಟು ಸಾಕು. ಒಬ್ಬಟ್ಟು ಇರುವ ದಿನ ಪಾಯಸ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ, ಅದು ಎಲೆಯಲ್ಲೇ ಉಳಿಯುತ್ತದೆ. ಚಿಕ್ಕಮ್ಮ ಫೋನ್ ಮಾಡಿ "ನಾನೇನು ತರಲಿ?" ಅಂದರೆ "ಏನೂ ಬೇಡ" ಅನ್ನಬೇಡಿ. "ಆಂಬೊಡೆ ಮಾಡ್ಕೊಂಡು ಬನ್ನಿ ಚಿಕ್ಕಮ್ಮ" ಅನ್ನಿ. ಅವರಿಗೂ ಖುಷಿ, ನಿಮಗೂ ಒಂದು ಬಾಣಲೆ ಕಡಿಮೆ.

ತೊಗರಿಬೇಳೆ 1 ಕೆಜಿ, ಬೆಲ್ಲ 1 ಕೆಜಿ, ಚಿರೋಟಿ ರವೆ ಮತ್ತು ಮೈದಾ ಸೇರಿ ಮುಕ್ಕಾಲು ಕೆಜಿ, ಅಕ್ಕಿ ಒಂದೂವರೆ ಕೆಜಿ, ತೆಂಗಿನಕಾಯಿ 4. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ ಕಟ್ಟಿದರೆ 40ರ ಮೇಲೆ ಒಬ್ಬಟ್ಟು ಆಗುತ್ತದೆ.

ಹಿಂದಿನ ದಿನ: ಹೂರಣ

ಹಬ್ಬದ ಅಡುಗೆ ಗೆಲ್ಲುವುದೂ ಸೋಲುವುದೂ ಇಲ್ಲೇ. ಬೇಳೆಯನ್ನು ಕುಕ್ಕರಿನಲ್ಲಿ ಇಡಬೇಡಿ. ಮೊದಲ ವರ್ಷ ನಾನು ಬೇಗ ಆಗಲಿ ಅಂತ ಕುಕ್ಕರ್ ಇಟ್ಟು ನಾಲ್ಕು ಸೀಟಿ ಕೂಗಿಸಿದೆ. ಬೇಳೆ ಪೂರ್ತಿ ಕರಗಿ ನೀರಿನಲ್ಲಿ ಸೇರಿಹೋಯಿತು. ಸಾರಿಗೆ ಕಟ್ಟು ಸಿಗಲಿಲ್ಲ, ಹೂರಣ ಗಟ್ಟಿಯಾಗಲಿಲ್ಲ, ಒಬ್ಬಟ್ಟು ಹೆಂಚಿನ ಮೇಲೆ ಹರಿದುಹೋಯಿತು. ಅಂದಿನಿಂದ ದೊಡ್ಡ ಪಾತ್ರೆಯಲ್ಲೇ ಬೇಯಿಸುತ್ತೇನೆ. ಒಂದು ಪಾವು ಬೇಳೆಗೆ ನಾಲ್ಕು ಪಾವು ನೀರು, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ. ಮೇಲೆ ಬರುವ ನೊರೆ ತೆಗೆಯುತ್ತಿರಿ. ಬೆರಳ ನಡುವೆ ಹಿಸುಕಿದರೆ ಬೇಳೆ ಪುಡಿಯಾಗಬೇಕು, ಪಾತ್ರೆಯಲ್ಲಿ ಮಾತ್ರ ಆಕಾರ ಉಳಿಸಿಕೊಂಡಿರಬೇಕು. ಅದೇ ಹದ.

ಈಗ ಜಾಲರಿಗೆ ಬಸಿಯಿರಿ. ಕೆಳಗೆ ಇಳಿದ ನೀರೇ ಕಟ್ಟು. ಚೆಲ್ಲಿಬಿಟ್ಟೀರಿ ಜೋಕೆ, ನಾಳಿನ ಸಾರಿನ ಜೀವ ಅದು. ಬೇಳೆ ಅರ್ಧ ಗಂಟೆ ಸೋರಲಿ. ಆಮೇಲೆ ಬಾಣಲೆಗೆ ಹಾಕಿ ಬೆಲ್ಲ, ಒಂದು ಕಾಯಿ ತುರಿ ಸೇರಿಸಿ. ಬೇಳೆ ಬೇಯುವ ಮೊದಲೇ ಬೆಲ್ಲ ಹಾಕಿದರೆ ಅದು ಬೇಯದೆ ಗಟ್ಟಿಯಾಗೇ ಉಳಿಯುತ್ತದೆ. ಬೆಲ್ಲ ಕರಗಿದಾಗ ಹೂರಣ ಮತ್ತೆ ನೀರಾಗುತ್ತದೆ, ಗಾಬರಿ ಬೇಡ. ಸಣ್ಣ ಉರಿಯಲ್ಲಿ ಕೆದಕುತ್ತಾ ಇದ್ದರೆ ತಳ ಬಿಡುತ್ತದೆ. ಆರಿದ ಮೇಲೆ ಇನ್ನೂ ಬಿಗಿಯಾಗುವುದರಿಂದ ಸ್ವಲ್ಪ ಮೊದಲೇ ಇಳಿಸಿ. ಏಲಕ್ಕಿ ಹಾಕಿ, ನೀರು ಮುಟ್ಟಿಸದೆ ರುಬ್ಬಿ. ಬೇಸಿಗೆಯಲ್ಲಿ ಕಾಯಿ ಬಿದ್ದ ಹೂರಣ ಬೇಗ ಹಳಸುತ್ತದೆ. ಹೂರಣವನ್ನೂ ಕಟ್ಟನ್ನೂ ಫ್ರಿಜ್‌ನಲ್ಲಿಡಿ.

ಹಿಂದಿನ ದಿನದ್ದು ನೈವೇದ್ಯಕ್ಕೆ ಆಗುವುದಿಲ್ಲ ಅನ್ನುವ ಮನೆಗಳಿವೆ. ಅಂಥವರು ಕಾಯಿ ತುರಿದು, ಬೆಲ್ಲ ಪುಡಿ ಮಾಡಿ, ತರಕಾರಿ ಹೆಚ್ಚಿಟ್ಟುಕೊಂಡು ಬೆಳಿಗ್ಗೆ 5ಕ್ಕೇ ಬೇಳೆ ಇಡಬೇಕು.

ಹಬ್ಬದ ಬೆಳಿಗ್ಗೆ

ಎಣ್ಣೆ-ಸೀಗೆಕಾಯಿ ಸ್ನಾನಕ್ಕೆ ಹೋಗುವ ಮೊದಲು, 6ರ ಹೊತ್ತಿಗೆ ಕಣಕ ಕಲಸಿಬಿಡಿ. ರವೆ, ಮೈದಾ, ಚಿಟಿಕೆ ಅರಿಶಿನ, ಉಪ್ಪು. ಚಪಾತಿ ಹಿಟ್ಟಿಗಿಂತ ತುಂಬಾ ಮೆತ್ತಗೆ, ಕೈಗೆ ಅಂಟುವಷ್ಟು. ಚೆನ್ನಾಗಿ ನಾದಿ, ಮೇಲೆ ಕಾಲು ಲೀಟರ್‌ನಷ್ಟು ಎಣ್ಣೆ ಹುಯ್ದು ಎರಡು ಗಂಟೆಯಾದರೂ ನೆನೆಯಲು ಬಿಡಿ. ಎಳೆದರೆ ಹರಿಯದೆ ಉದ್ದ ಬರಬೇಕು. ಎಣ್ಣೆ ಜಾಸ್ತಿ ಆಯ್ತು ಅನ್ನಿಸಿದರೂ ಕಡಿಮೆ ಮಾಡಬೇಡಿ, ತಟ್ಟುವಾಗ ಕೈಗೂ ಎಲೆಗೂ ಅದೇ ಎಣ್ಣೆ ಬೇಕು.

8ಕ್ಕೆ ಸಾರು. ಕಾಯಿ ತುರಿ, ಸಾರಿನ ಪುಡಿ, ಒಂದು ಹಿಡಿ ಹೂರಣ ರುಬ್ಬಿ, ಕಟ್ಟು ಮತ್ತು ಹುಣಸೆರಸದ ಜೊತೆ ಕುದಿಸಿ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆ. ಪಕ್ಕದ ಒಲೆಯಲ್ಲಿ ಪಲ್ಯ ಮುಗಿಸಿ. ಚಿತ್ರಾನ್ನಕ್ಕೆ ಅರ್ಧ ಕೆಜಿ ಅಕ್ಕಿಯ ಅನ್ನ ಮಾಡಿ ಅಗಲವಾದ ತಟ್ಟೆಯಲ್ಲಿ ಹರಡಿಬಿಡಿ. ಬಿಸಿ ಅನ್ನ ಕಲಸಿದರೆ ಮುದ್ದೆಯಾಗುತ್ತದೆ.

9.30ಕ್ಕೆ ಒಬ್ಬಟ್ಟು. ಈ ಹೊತ್ತಿಗೆ ಇನ್ನೊಬ್ಬರನ್ನು ಕರೆಯಲೇಬೇಕು. ಗಂಡನೋ ಮಗನೋ ಯಾರಾದರೂ ಸರಿ, ಹೆಂಗಸರೇ ಆಗಬೇಕಿಲ್ಲ. ಒಬ್ಬರು ತಟ್ಟಲಿ, ಒಬ್ಬರು ಬೇಯಿಸಲಿ. ಕಣಕದ ಉಂಡೆ ಹೂರಣದ ಅರ್ಧದಷ್ಟಿರಲಿ. ಎಣ್ಣೆ ಸವರಿದ ಬಾಳೆ ಎಲೆಯ ಮೇಲೆ ನಡುವಿನಿಂದ ಅಂಚಿಗೆ ತಟ್ಟುತ್ತಾ ಹೋಗಿ. ಎಲೆ ಸಮೇತ ಹೆಂಚಿಗೆ ಬೋರಲು ಹಾಕಿ, ಮೆಲ್ಲಗೆ ಎಲೆ ಬಿಡಿಸಿ. ಉರಿ ಮಧ್ಯಮ. ಎರಡು ಹೆಂಚು ಇದ್ದರೆ 11ಕ್ಕೆ ಕೆಲಸ ಮುಗಿಯುತ್ತದೆ. ಬಿಸಿಬಿಸಿಯನ್ನು ಒಂದರ ಮೇಲೊಂದು ಪೇರಿಸಬೇಡಿ, ಅಂಟಿಕೊಳ್ಳುತ್ತದೆ. ಬಟ್ಟೆಯ ಮೇಲೆ ಆರಲು ಬಿಡಿ. ಒಬ್ಬಟ್ಟು ಬಿಸಿಯಾಗೇ ಬಡಿಸಬೇಕು ಅನ್ನುವ ಹಟವೇ ನಮ್ಮಮ್ಮನನ್ನು ಅಷ್ಟು ವರ್ಷ ಒಲೆಯ ಮುಂದೆ ನಿಲ್ಲಿಸಿತ್ತು. ಆರಿದ ಒಬ್ಬಟ್ಟಿಗೆ ಕಾಯಿಸಿದ ತುಪ್ಪ ಹಾಕಿದರೆ ಯಾವ ಕೊರತೆಯೂ ಇಲ್ಲ.

ಮಿಕ್ಕಿದ್ದು ಸಣ್ಣ ಕೆಲಸ. ಒಂದು ಗಂಟೆ ನೆನೆದ ಹೆಸರುಬೇಳೆಗೆ ಸೌತೆಕಾಯಿ, ಕಾಯಿತುರಿ, ಒಗ್ಗರಣೆ ಸೇರಿಸಿಡಿ. ಉಪ್ಪು, ನಿಂಬೆರಸ ಬಡಿಸುವ ಮುಂಚೆಯಷ್ಟೇ. ಮಾವಿನಕಾಯಿಗೆ ಕಾಯಿ, ಸಾಸಿವೆ, ಒಣಮೆಣಸಿನಕಾಯಿ ರುಬ್ಬಿ, ಒಗ್ಗರಣೆಯಲ್ಲಿ ಬಾಡಿಸಿ ಅನ್ನಕ್ಕೆ ಕಲಸಿ. ಹಪ್ಪಳ ಕರಿದು ಡಬ್ಬಿಗೆ. 12.15ಕ್ಕೆ ಊಟದ ಅನ್ನ ಇಡಿ.

ಎಲೆ ಹಾಕಿದಾಗ

ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕು. ಮೇಲೆ ಎಡಮೂಲೆಯಲ್ಲಿ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಚಿತ್ರಾನ್ನ, ಒಬ್ಬಟ್ಟು, ಹಪ್ಪಳವನ್ನೂ ಮೊದಲೇ ಎಲೆಗೆ ಬಡಿಸಿಬಿಡಿ. ಅನ್ನ, ಸಾರು, ತುಪ್ಪದ ಪಾತ್ರೆಗಳನ್ನು ಸೌಟಿನ ಸಮೇತ ಸಾಲಿನ ನಡುವೆ ಇಟ್ಟು ನೀವೂ ಕೂತುಕೊಳ್ಳಿ. ಎರಡನೇ ಸಲಕ್ಕೆ ಬಡಿಸಲು ಹತ್ತು ದಾಟಿದ ಮಕ್ಕಳಿಗೆ ಹೇಳಿ. ಅವರಿಗೆ ಅದೊಂದು ಸಂಭ್ರಮ, ತುಪ್ಪದ ಗಿಂಡಿಗೆ ಪೈಪೋಟಿಯೇ ನಡೆಯುತ್ತದೆ.

ಉಳಿದ ಸಾರನ್ನು ಸಂಜೆ ಒಂದು ಕುದಿ ಕುದಿಸಿ, ಆರಿದ ಮೇಲೆ ಒಳಗಿಡಿ. ಮರುದಿನ ನಿಮ್ಮ ಮನೆಯಲ್ಲಿ ಹೊಸತೊಡಕಿನ ಬಾಡೂಟ ಇದ್ದರೂ ಸರಿ, ಬೆಳಿಗ್ಗೆ ಬಿಸಿ ಅನ್ನಕ್ಕೆ ಆ ಸಾರು ಒಂದು ಸೌಟು ಹಾಕಿಕೊಳ್ಳಿ. ಹಬ್ಬದ ದಿನಕ್ಕಿಂತ ಅವತ್ತೇ ಅದರ ರುಚಿ ಜಾಸ್ತಿ.