120 ಪೋಸ್ಟರಿಗೆ ತುಂಬಿದ ಹಾಲ್

‘ಪೋಸ್ಟರ್ ಈಗ ಯಾರು ನೋಡ್ತಾರೆ ಮಾರಾಯ, ಗ್ರೂಪಿಗೆ ಹಾಕು ಸಾಕು’ ಎಂದು ನಮ್ಮ ತಂಡದವರೇ ನಕ್ಕಿದ್ದರು. ಹೋದ ತಿಂಗಳು ಸಾಗರದಲ್ಲಿ ನಮ್ಮ ನಾಟಕಕ್ಕೆ ಹಿಂದಿನ ಸಾಲಿಗೆ ಪ್ಲಾಸ್ಟಿಕ್ ಕುರ್ಚಿ ತರಿಸಬೇಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಅದರ ಹಿಂದಿನ ನಾಟಕಕ್ಕೆ ವಾಟ್ಸ್ಆ್ಯಪ್ ಒಂದನ್ನೇ ನಂಬಿದ್ದೆ. ಸ್ಟೇಟಸ್ ನೋಡಿದವರು 400 ಚಿಲ್ಲರೆ, ಹೆಬ್ಬೆರಳು ಎತ್ತಿದವರು 90ರ ಹತ್ತಿರ. ಬಂದವರು 45. ಅದರಲ್ಲೂ ಅರ್ಧ ನಟರ ಮನೆಯವರು!

ಹಾಗಂತ ಪೋಸ್ಟರ್ ಮೊದಲ ಸಲಕ್ಕೇ ಕೈಹಿಡಿಯಲಿಲ್ಲ. ಮೂರು ವರ್ಷದ ಹಿಂದೆ ಪ್ರೆಸ್‌ನವರು ‘300ಕ್ಕೂ 1000ಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ, ಅಚ್ಚಿನ ಪ್ಲೇಟ್ ಖರ್ಚು ಒಂದೇ’ ಅಂದರು. ನಾನು ಮರುಳಾಗಿ ನಾಲ್ಕು ಬಣ್ಣದಲ್ಲಿ 1000 ಹೊಡೆಸಿದೆ. ಹತ್ತು ಸಾವಿರದ ಮೇಲೆ ಹೋಯಿತು. ಉಳಿದ 600 ಇವತ್ತಿಗೂ ನಮ್ಮ ಅಡುಗೆಮನೆ ಶೆಲ್ಫಿನ ಹಾಸು. ಮೇಲಿಂದ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿದ್ದು, ಅದನ್ನು ಅರಿಯದ ಅವರ ಹಳೇ ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರಿಗೆ ಹೋಗಿ ಒತ್ತಕ್ಷರವೆಲ್ಲ ಪಲ್ಟಿ. ಈಗ ಅಕ್ಷರವನ್ನು ಕರ್ವ್ಸ್ ಮಾಡದೆ, ಅಂದರೆ ಚಿತ್ರದ ಗೆರೆಗಳಾಗಿ ಬದಲಿಸದೆ, ಫೈಲ್ ಕೊಡುವುದೇ ಇಲ್ಲ.

ಅಂಟಿಸಿದ್ದೂ ದಂಡ. ಮೈದಾ ಅಂಟಿನ ವಾಸನೆಗೆ ಬೀದಿ ದನಗಳು ಬಂದು ರಾತ್ರಿ ಬೆಳಗಾಗುವುದರಲ್ಲಿ ನಾಯಕನ ಮುಖ ತಿಂದು ಮುಗಿಸಿದ್ದವು. ಮೈಲುತುತ್ತ ಹಾಕು ಅಂದರು ಹಳಬರು. ದನಕ್ಕೆ ವಿಷ, ಬೇಡ ಅಂದೆ. ಈಗ ಬೇರೊಂದು ಬೆರೆಸುತ್ತೇನೆ. ದನ ಮೂಸಿ ಹೋಗುತ್ತದೆ, ಅಷ್ಟೇ. ಏನು ಅಂತ ಕೇಳಬೇಡಿ.

ಈ ಸಲ ಬೀದಿ ಗೋಡೆಯನ್ನೇ ಬಿಟ್ಟೆ. ಸಾರ್ವಜನಿಕ ಜಾಗದ ಅಂದಗೆಡಿಸಬಾರದು ಅನ್ನುವ 1981ರ ಕಾಯ್ದೆ ಇದೆಯಲ್ಲ, ಸುಮ್ನೆ ದಂಡ ಯಾಕೆ ಕಟ್ಟಬೇಕು? 120 ಪೋಸ್ಟರ್, ಹಳದಿ ಕಾಗದದ ಮೇಲೆ ಕಪ್ಪು, ಕೆಂಪು. ಮನೆಯ ಜಗಲಿಯಲ್ಲೇ ಸ್ಕ್ರೀನ್ ಪ್ರಿಂಟ್. ಮಳೆಯ ಥಂಡಿಗೆ ಮೊದಲ 30 ಒಂದಕ್ಕೊಂದು ಅಂಟಿ ಹಾಳಾದವು. ಎಲ್ಲ ಸೇರಿ 2,500ರ ಒಳಗೆ ಮುಗಿಯಿತು.

ಜನ ನಡೆಯುವ ಕಡೆ ಅಲ್ಲ, ಕಾಯುವ ಕಡೆ ಹಾಕಿದೆ. ಕಟಿಂಗ್ ಶಾಪ್, ಹಿಟ್ಟಿನ ಗಿರಣಿ, ಅಡಿಕೆ ಮಂಡಿ, ರೇಷನ್ ಅಂಗಡಿ, ಹಾಲಿನ ಡೈರಿ. ಡೈರಿಗೆ ಒಬ್ಬರೇ ದಿನಕ್ಕೆ ಎರಡು ಸಲ ಬರುತ್ತಾರೆ, ಕ್ಯಾನ್ ಇಟ್ಟು ನಿಲ್ಲುತ್ತಾರೆ. ಕಟಿಂಗ್ ಕುರ್ಚಿಯಲ್ಲಿ ಕೂತವನಿಗಂತೂ ಕತ್ತು ತಿರುಗಿಸಲು ಆಗುವುದಿಲ್ಲ. ಎದುರಿಗೇ ಕನ್ನಡಿ, ಅದರ ಪಕ್ಕ ನನ್ನ ಪೋಸ್ಟರ್. ಹಿಂದಿನ ಗೋಡೆಗೆ ಹಾಕಿದರೆ ಕನ್ನಡಿಯಲ್ಲಿ ಅಕ್ಷರ ಉಲ್ಟಾ, ಅದನ್ನೂ ಕಲಿತದ್ದು ಹಾಕಿದ ಮೇಲೆಯೇ.

ನಡುವೆ ಕ್ಯೂಆರ್ ಕೋಡ್ ಪ್ರಯೋಗವನ್ನೂ ಮಾಡಿದೆ. ಹತ್ತೋ ಹನ್ನೊಂದೋ ಸ್ಕ್ಯಾನ್. ನಾಲ್ಕು ನಾನೇ ಮಾಡಿದ್ದು. ಆದರೆ ನನ್ನ ಸ್ಟೇಟಸ್ ದಾಟಿ ಹೋಗುತ್ತಿದ್ದವರೇ ಗಿರಣಿಯ ಪೋಸ್ಟರಿನ ಫೋಟೋ ತೆಗೆದು ತಮ್ಮ ಸ್ಟೇಟಸ್‌ಗೆ ಹಾಕಿಕೊಂಡರು! ಹಿಟ್ಟಿನ ಧೂಳು ಸಮೇತ.

ನಾಟಕದ ದಿನ ಬೆಳಿಗ್ಗೆ ಹಳೇ ಟಾಕೀಸಿನವರ ಹಾಗೆ ‘ಇಂದೇ’ ಅಂತ ಕೆಂಪು ಚೀಟಿ ಅಡ್ಡಲಾಗಿ ಅಂಟಿಸುತ್ತಾ ಬಂದೆ. ಟಿಕೆಟ್ ಕೊಡುವಾಗ ‘ಎಲ್ಲಿ ನೋಡಿದ್ರಿ?’ ಎಂದು ಕೇಳಿ ಗೀಟು ಹಾಕಿದೆವು. 280 ಜನರಲ್ಲಿ 150ರ ಮೇಲೆ ಪೋಸ್ಟರ್ ಅಂದರು, ಅದರಲ್ಲಿ ಡೈರಿಯದೇ ಜಾಸ್ತಿ.

ಮೊನ್ನೆ ಡೈರಿಗೆ ಹಳೇದನ್ನು ಕೀಳಲು ಹೋಗಿದ್ದೆ. ‘ಇರಲಿ ಬಿಡಿ, ಮುಂದಿನದು ತಂದಾಗ ಕಿತ್ತರಾಯ್ತು. ಗೋಡೆ ಬಿರುಕು ಮುಚ್ಕೊಂಡಿದೆ’ ಅಂದರು ಸೆಕ್ರೆಟರಿ.